ಕಳೆದರೆ ಒಬ್ಬ, ಭಾಗಿಸಿದರೆ ಇನ್ನೊಬ್ಬ

ಎರಡು ತಂಡ. 34 ಪಂದ್ಯ ಮುಗಿದಾಗ ಎರಡಕ್ಕೂ ಸರಿಯಾಗಿ 50 ಅಂಕ. ಒಂದು ಹೊಡೆದದ್ದು 90 ಗೋಲು, ಇನ್ನೊಂದು 62. ಚಾಂಪಿಯನ್ ಆದದ್ದು 62 ಹೊಡೆದ ತಂಡ!

ಇದು 1965ರ ಸ್ಕಾಟ್ಲೆಂಡ್ ಫುಟ್‌ಬಾಲ್ ಲೀಗ್. 90 ಗೋಲು ಎಡಿನ್‌ಬರೋದ ಹಾರ್ಟ್ಸ್‌ನದು, ಪಟ್ಟ ಕಿಲ್ಮಾರ್ನಕ್‌ನದು. ಅಂಕ ಸಮವಾದರೆ, ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸುವುದು ಆಗಿನ ನಿಯಮ. ಹಾರ್ಟ್ಸ್ ಬಿಟ್ಟುಕೊಟ್ಟದ್ದು 49, ಸರಾಸರಿ 1.837. ಕಿಲ್ಮಾರ್ನಕ್ ಬರೀ 33, ಸರಾಸರಿ 1.879. ಇಡೀ ವರ್ಷದ ಬೆವರು ತೀರ್ಮಾನವಾದದ್ದು 0.042ರಲ್ಲಿ. ಭಾಗಾಕಾರ ಹೀಗೆಯೇ: ಹೊಡೆಯುವವನಿಗಿಂತ ತಡೆಯುವವನಿಗೆ ಅದರ ಒಲವು ಹೆಚ್ಚು. ಕೊನೆಯ ದಿನ ಈ ಎರಡೇ ತಂಡಗಳು ಹಾರ್ಟ್ಸ್‌ನ ತವರು ಮೈದಾನದಲ್ಲಿ ಎದುರಾದವು. 0-1ರಲ್ಲಿ ಸೋತಿದ್ದರೂ ಹಾರ್ಟ್ಸ್‌ಗೆ ಪಟ್ಟ ಸಿಗುತ್ತಿತ್ತು. ಸೋತದ್ದು 0-2ರಲ್ಲಿ.

ಭಾಗಿಸುವ ಬದಲು ಕಳೆದಿದ್ದರೆ? ಹಾರ್ಟ್ಸ್‌ಗೆ 41, ಕಿಲ್ಮಾರ್ನಕ್‌ಗೆ 29. ಪೈಪೋಟಿಯೇ ಇರುತ್ತಿರಲಿಲ್ಲ.

ಮುಂದೆ ನಿಯಮ ಬದಲಾಯಿತು. ಭಾಗಾಕಾರ ಹೋಗಿ, ಈಗ ಎಲ್ಲ ಅಂಕಪಟ್ಟಿಗಳಲ್ಲೂ ಕಾಣುವ ಗೋಲು ವ್ಯತ್ಯಾಸ, ಅಂದರೆ ಕಳೆಯುವ ಲೆಕ್ಕ ಬಂತು. ಹಾರ್ಟ್ಸ್‌ಗೆ ಒಳ್ಳೆಯದಾಗಬೇಕಿತ್ತು ಅಲ್ಲವೇ?

1986ರ ಮೇ 3. ಕೊನೆಯ ಪಂದ್ಯ ಡ್ರಾ ಆದರೂ ಹಾರ್ಟ್ಸ್‌ಗೆ ಸಾಕಿತ್ತು. 83ನೇ ನಿಮಿಷದಲ್ಲಿ ಡಂಡೀ ತಂಡದ ಬದಲಿ ಆಟಗಾರ ಆಲ್ಬರ್ಟ್ ಕಿಡ್ ಒಂದು ಗೋಲು ಹೊಡೆದ, ನಾಲ್ಕು ನಿಮಿಷದಲ್ಲಿ ಇನ್ನೊಂದು. ಅತ್ತ ಪಟ್ಟಕ್ಕೆ ಪೈಪೋಟಿಯಲ್ಲಿದ್ದ ಸೆಲ್ಟಿಕ್ ತನ್ನ ಪಂದ್ಯವನ್ನು 5-0ರಲ್ಲಿ ಗೆದ್ದಿತು. ಮತ್ತೆ ಇಬ್ಬರಿಗೂ 50 ಅಂಕ! ಸೆಲ್ಟಿಕ್ 67 ಹೊಡೆದು 38 ಬಿಟ್ಟಿತ್ತು: ವ್ಯತ್ಯಾಸ 29. ಹಾರ್ಟ್ಸ್ 59 ಹೊಡೆದು 33 ಬಿಟ್ಟಿತ್ತು: 26. ಪಟ್ಟ ಸೆಲ್ಟಿಕ್‌ಗೆ. ಹಳೆಯ ಭಾಗಾಕಾರವನ್ನೇ ಮಾಡಿ ನೋಡಿ: ಸೆಲ್ಟಿಕ್ 1.763, ಹಾರ್ಟ್ಸ್ 1.788.

1965ರಲ್ಲಿ ಕಳೆಯುವ ಲೆಕ್ಕ, 1986ರಲ್ಲಿ ಭಾಗಿಸುವ ಲೆಕ್ಕ ಇದ್ದಿದ್ದರೆ ಹಾರ್ಟ್ಸ್ ಎರಡು ಸಲವೂ ಚಾಂಪಿಯನ್. ನಿಯಮಗಳು ಬಂದ ಕ್ರಮವೊಂದೇ ಅವರಿಗೆ ಎದುರಾಯಿತು. ಇಂಥ ದುರದೃಷ್ಟ ಆಟದ ಚರಿತ್ರೆಯಲ್ಲಿ ಇನ್ನೊಂದು ನನಗೆ ಹೊಳೆಯದು.

ಮೂರನೆಯ ದಾರಿಯೂ ಒಂದಿದೆ. ಅದು ಬೆಂಗಳೂರಿಗೆ ಒಲಿಯಿತು. 2018-19ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಬೆಂಗಳೂರು, ಗೋವಾ ತಂಡಗಳಿಗೆ ತಲಾ 34 ಅಂಕ. ಗೋಲು ವ್ಯತ್ಯಾಸ ಗೋವಾಕ್ಕೆ 16, ಬೆಂಗಳೂರಿಗೆ 7. ಆದರೆ ಅಲ್ಲಿ ಮೊದಲು ನೋಡುತ್ತಿದ್ದದ್ದು ಇಬ್ಬರೂ ಮುಖಾಮುಖಿಯಾದ ಪಂದ್ಯಗಳನ್ನು. ಎರಡನ್ನೂ ಗೆದ್ದಿದ್ದ ಬೆಂಗಳೂರು ಪಟ್ಟಿಯ ತುದಿಯಲ್ಲಿ ನಿಂತಿತು.