ಛೂ ಎಂದ ಮೇಲೆ ಬಾ ಎನ್ನುವ ವಿದ್ಯೆ

ನಾಯಿಯನ್ನು ಬಿಡುವುದಕ್ಕೆ ಕನ್ನಡದಲ್ಲಿ ಒಂದೇ ಅಕ್ಷರ ಸಾಕು: ಛೂ. ಅದು ಹೊಲ, ಕಾಡು ದಾಟಿ ರಾಜಕೀಯದ ಸುದ್ದಿಗಳಿಗೂ ನುಗ್ಗಿದೆ. ಬಿಟ್ಟ ನಾಯಿಯನ್ನು ಹಿಂದಕ್ಕೆ ಕರೆಯಲು ಮಾತ್ರ ಎಲ್ಲರೂ ಒಪ್ಪಿದ ಪದವಿಲ್ಲ. ಒಂದು ಮನೆಯಲ್ಲಿ ‘ಕುರೂ ಕುರೂ’, ಪಕ್ಕದ ಮನೆಯಲ್ಲಿ ‘ತೂ ತೂ’, ಮತ್ತೊಂದರಲ್ಲಿ ನಾಲಿಗೆ ಮಡಚಿ ಹೊಡೆಯುವ ಸಿಳ್ಳೆ, ಯಾವುದೂ ನಾಟದಿದ್ದರೆ ಗಂಟಲು ಹರಿಯುವಂತೆ ಹೆಸರು.

ಹುಣಸೂರು ಮತ್ತು ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಈ ಕೂಗಿಗೆ ಓಗೊಡುವ ನಾಯಿ ಬದುಕುತ್ತದೆ. ಓಗೊಡದ್ದು ಎಷ್ಟು ದಿನ ಬದುಕೀತು ಎಂದು ಹೇಳಲಾಗದು.

ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ಆಡಳಿತ ನಡೆಯುವುದು ಹುಣಸೂರು ಪಟ್ಟಣದಿಂದ. ರಾಷ್ಟ್ರೀಯ ಉದ್ಯಾನದ ವಿಸ್ತಾರ 643 ಚದರ ಕಿಲೋಮೀಟರ್. ಹನಗೋಡು, ವೀರನಹೊಸಹಳ್ಳಿ ಕಡೆ ಹೊಗೆಸೊಪ್ಪು, ರಾಗಿ, ಜೋಳದ ಹೊಲಗಳು ಮುಗಿಯುವಲ್ಲೇ ಕಾಡು ಶುರುವಾಗುತ್ತದೆ. ನಡುವೆ ಆನೆ ಕಂದಕವಿದೆ, ಕೆಲವೆಡೆ ರೈಲು ಕಂಬಿಯ ಬೇಲಿಯೂ ಇದೆ. ಆನೆಯನ್ನು ತಡೆಯುವ ಕಂಬಿಯ ಕೆಳಗೆ ಹಂದಿ ನುಸುಳುತ್ತದೆ, ಅದರ ಹಿಂದೆ ನಾಯಿಯೂ ನುಸುಳುತ್ತದೆ. ಆಚೆ ಚಿರತೆಯಿದೆ. ನಾಯಿಯೆಂದರೆ ಚಿರತೆಗೆ ಬಲು ಸಲೀಸಾದ ಊಟ. ಹಂದಿಗೆಂದು ಯಾರೋ ಕದ್ದು ಒಡ್ಡಿದ ಉರುಳು ನಾಯಿಯ ಕೊರಳನ್ನೂ ಬಿಗಿಯುತ್ತದೆ.

ಕಾಡಿಗೂ ಇದರಿಂದ ಒಳಿತಿಲ್ಲ. ಸಾಕುನಾಯಿಗೆ ಬರುವ ಡಿಸ್ಟೆಂಪರ್ ಸೀಳುನಾಯಿಗೆ ಮಾತ್ರವಲ್ಲ, ದೊಡ್ಡ ಬೆಕ್ಕುಗಳಿಗೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್‌ ಕಾಡಿನಲ್ಲಿ ಸಿಂಹಗಳು ಒಂದರ ಹಿಂದೊಂದು ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ವೈರಸ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಯಿ ಬಿಟ್ಟು ಕಾಡುಪ್ರಾಣಿ ಹೊಡೆಸುವುದು ಅಪರಾಧ. ಬೇಟೆಗೆ ಕಾನೂನಿನ ತಡೆ ಬಿದ್ದು ಐವತ್ತು ವರ್ಷ ದಾಟಿದೆ. ಬೇಟೆನಾಯಿಯ ರಕ್ತಕ್ಕೆ ಆ ಸುದ್ದಿ ಇನ್ನೂ ತಲುಪಿಲ್ಲ. ತೋಟ ಕಾಯಲೆಂದು ತಂದ ಮುಧೋಳ ನಾಯಿ, ಮೊಲವೊಂದು ಬದು ಹಾರಿದ ಕೂಡಲೇ ನೂರಾರು ವರ್ಷಗಳ ಹಿಂದಿನ ಕಸುಬಿಗೆ ಮರಳಿಬಿಡುತ್ತದೆ.

ಮುಧೋಳ ತಳಿಯ ಹೆಸರು ಕರ್ನಾಟಕಕ್ಕೆ ಹೊಸದಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ತಳಿಯದು. 2005ರಲ್ಲಿ ಅಂಚೆ ಚೀಟಿಯಲ್ಲಿ ಮೂಡಿತು, 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಪ್ರಸ್ತಾಪವಾಯಿತು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಂದ ಮರಿಗಳು ಸೇನೆಯ ಮೀರತ್ ತರಬೇತಿ ಕೇಂದ್ರಕ್ಕೂ ಹೋಗಿವೆ.

ಈ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವಂಥದ್ದು. ಉದ್ದ ಮೂತಿಯ ನಾಯಿಗಳ ಕಣ್ಣಿನ ಒಳಪೊರೆಯಲ್ಲಿ ನೋಟದ ಜೀವಕೋಶಗಳು ಅಡ್ಡಪಟ್ಟಿಯಂತೆ ಸಾಲುಗಟ್ಟಿರುವುದನ್ನು 2004ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು. ದಿಗಂತದಂಚಿನಲ್ಲಿ ಅಲುಗಿದ್ದನ್ನು ಹಿಡಿಯಲೆಂದೇ ಮಾಡಿದ ಕಣ್ಣು ಅದು. ಅಲುಗಿದ್ದು ಕಂಡಿತೋ, ಕಿವಿ ಮುಚ್ಚಿದಂತೆಯೇ. ‘ಕೊಬ್ಬು ಹೆಚ್ಚಾಗಿದೆ, ಕರೆದರೆ ಬರಲ್ಲ’ ಎಂದು ಯಜಮಾನ ಬೈಯುತ್ತಾನೆ. ನಾಯಿಗೆ ಕೊಬ್ಬಲ್ಲ ಅದು. ಓಟವೇ ಅದಕ್ಕೆ ಬಹುಮಾನ, ಮುದ್ದೆಗಿಂತ, ಬಾಡಿಗಿಂತ ದೊಡ್ಡ ಬಹುಮಾನ.

ಮರಿಯಾದರೆ ಕಾಲಿಗೆ ಸುತ್ತಿಕೊಂಡೇ ಬೆಳೆಯುತ್ತದೆ, ಕರೆದಾಗ ಬರುವುದು ತಾನಾಗಿ ಒಗ್ಗುತ್ತದೆ. ಮೂರು ನಾಲ್ಕು ವರ್ಷದ ನಾಯಿಯ ಕಷ್ಟವೇ ಬೇರೆ. ಅದು ಏನೂ ಕಲಿತಿಲ್ಲ ಎನ್ನುವಂತಿಲ್ಲ, ತಪ್ಪು ಪಾಠವನ್ನು ಗಟ್ಟಿಯಾಗಿ ಕಲಿತಿದೆ. ಹೆಸರು ಕೂಗಿದಾಗಲೆಲ್ಲ ಏನಾಗಿದೆ ಎಂದು ಅದರ ಕಡೆಯಿಂದ ನೋಡಬೇಕು. ಒಮ್ಮೆ ಸರಪಳಿ ಬಿತ್ತು, ಒಮ್ಮೆ ಸ್ನಾನ, ಒಮ್ಮೆ ಸೂಜಿ, ತಡವಾಗಿ ಬಂದಾಗ ಬೆನ್ನಿಗೆ ಬಾರುಕೋಲು. ಹೆಸರೆಂದರೆ ಸುಖ ಮುಗಿಯಿತು ಎಂಬ ಸೂಚನೆ. ಇಷ್ಟಾದ ಮೇಲೂ ಬರುವ ನಾಯಿ ಇದ್ದರೆ ಅದರ ಒಳ್ಳೆಯತನಕ್ಕೆ ಕೈಮುಗಿಯಬೇಕು.

ಆದ್ದರಿಂದ ಬಲ್ಲವರು ಮೊದಲು ಮಾಡುವ ಕೆಲಸ ಹಳೆಯ ಕರೆಯನ್ನು ಕೈಬಿಡುವುದು. ಹೊಸ ಪದವಾಗಲಿ, ಪುಟ್ಟ ಸೀಟಿಯಾಗಲಿ, ನಾಯಿ ಹಿಂದೆಂದೂ ಕೇಳಿರದ ಸದ್ದು ಬೇಕು. ಸೀಟಿಗೆ ಒಂದು ದೊಡ್ಡ ಗುಣವಿದೆ: ಅದಕ್ಕೆ ಸಿಟ್ಟು ಬರುವುದಿಲ್ಲ. ಹತ್ತನೆಯ ಸಲ ಕೂಗುವ ಹೊತ್ತಿಗೆ ಮನುಷ್ಯನ ದನಿಯಲ್ಲಿ ಹೊಡೆತದ ವಾಸನೆ ಬಂದಿರುತ್ತದೆ. ಸೀಟಿ ಮೊದಲ ದಿನ ಹೇಗಿತ್ತೋ ನೂರನೆಯ ದಿನವೂ ಹಾಗೇ. ಇಂಗ್ಲೆಂಡಿನಲ್ಲಿ ಸ್ಪ್ಯಾನಿಯೆಲ್ ಪಳಗಿಸುವವರು ಸೀಟಿಯಲ್ಲೇ ಭಾಷೆ ಕಟ್ಟಿಕೊಂಡಿದ್ದಾರೆ. ಒಂದು ಉದ್ದ ಊದು ಎಂದರೆ ಇದ್ದಲ್ಲೇ ಕೂರು, ಚಿಕ್ಕ ಚಿಕ್ಕ ಊದುಗಳು ಸಾಲಾಗಿ ಬಂದರೆ ಓಡಿ ಬಾ.

ಮೊದಲ ವಾರ ಎಲ್ಲವೂ ಅಂಗಳದೊಳಗೆ. ಬೇಯಿಸಿದ ಕೋಳಿ ಲಿವರನ್ನು ಕಡಲೆಕಾಳಿನಷ್ಟು ಚೂರು ಮಾಡಿ ಜೇಬಿಗೆ ಹಾಕಿಕೊಳ್ಳಬೇಕು. ನಾಯಿ ಎರಡು ಹೆಜ್ಜೆ ದೂರದಲ್ಲಿ ನಿಂತಿರುವಾಗ ಮೂರು ಚಿಕ್ಕ ಊದು, ಕೂಡಲೇ ಬಾಯಿಗೆ ಚೂರು. ಆಜ್ಞೆಯ ಮಾತಿಲ್ಲ, ‘ಕೂತ್ಕೋ’ ಎನ್ನುವಂತಿಲ್ಲ. ಸದ್ದು, ತಿನಿಸು, ಮತ್ತೆ ಸದ್ದು, ತಿನಿಸು. ದಿನಕ್ಕೆ ಹತ್ತು ಹದಿನೈದು ಸಲ ಹೀಗಾದರೆ, ಕೆಲವೇ ದಿನದಲ್ಲಿ ಸೀಟಿ ಕೇಳಿದೊಡನೆ ಕತ್ತು ತಾನಾಗಿ ತಿರುಗುತ್ತದೆ. ಆ ಕತ್ತಿನ ತಿರುವಿಗಾಗಿ ಕಾಯುವುದೇ ಈ ಹಂತದ ಕೆಲಸ. ಲಿವರನ್ನು ಬೇರೆ ಯಾವ ಹೊತ್ತಿನಲ್ಲೂ ಕೊಡುವಂತಿಲ್ಲ.

ಆಮೇಲೆ ಬಯಲು, ಜೊತೆಗೆ ಹಗ್ಗ. ಮೂವತ್ತು ಅಡಿಯ ನೂಲಿನ ಹಗ್ಗ ಒಳ್ಳೆಯದು, ನೈಲಾನ್ ಅಂಗೈ ಸುಡುತ್ತದೆ. ಕಟ್ಟುವುದು ಎದೆಬೆಲ್ಟಿಗೆ, ಕೊರಳಿಗಲ್ಲ. ಮುಧೋಳ ನಾಯಿ ಕ್ಷಣಾರ್ಧದಲ್ಲಿ ವೇಗಕ್ಕೆ ಬಂದುಬಿಡುತ್ತದೆ. ಆ ವೇಗದಲ್ಲಿ ಹಗ್ಗದ ತುದಿ ಮುಟ್ಟಿದರೆ ಕತ್ತಿನ ಗತಿಯೇನು? ಸಣ್ಣ ತಲೆಯಿಂದ ಕೊರಳಪಟ್ಟಿ ಜಾರಿಹೋಗುವ ತೊಂದರೆಯೂ ಉಂಟು. ಜಾಗ ಕಾಡಿನಿಂದ ದೂರವಿರಬೇಕು. ಭತ್ತ ಕೊಯ್ದ ಮೇಲೆ ಕೆ.ಆರ್. ನಗರದ ಕಡೆಯ ಗದ್ದೆಬಯಲು ಈ ಪಾಠಕ್ಕೆ ಹೇಳಿ ಮಾಡಿಸಿದಂತಿರುತ್ತದೆ: ಕಣ್ಣು ಹಾಯುವವರೆಗೂ ಮರೆಯಿಲ್ಲ, ಕೊಕ್ಕರೆ ಹಾರಿದರೆ ಪರೀಕ್ಷೆಯೂ ಆಯಿತು.

ಹಗ್ಗ ಇರುವುದು ಎಳೆಯುವುದಕ್ಕಲ್ಲ. ನಾಯಿ ತಪ್ಪಿಸಿಕೊಂಡು ಓಟದ ರುಚಿ ನೋಡದಿರಲಿ ಎಂಬುದಕ್ಕೆ ಮಾತ್ರ. ಸೀಟಿ ಊದಿದ್ದು ಒಂದೇ ಸಲ. ತಿರುಗಲಿಲ್ಲವೇ, ಯಜಮಾನ ತಾನೇ ಬೆನ್ನು ಹಾಕಿ ಓಡಬೇಕು. ಅಟ್ಟಿಸಿಕೊಂಡು ಹೋದರೆ ನಾಯಿ ಇನ್ನಷ್ಟು ಓಡುತ್ತದೆ, ಓಡಿಹೋಗುವವರ ಹಿಂದೆ ಬರುತ್ತದೆ. ಬೇಟೆಗುಣವನ್ನೇ ಹೀಗೆ ತನ್ನ ಕಡೆ ತಿರುಗಿಸಿಕೊಳ್ಳುವುದು ಈ ವಿದ್ಯೆಯ ಅತಿ ಚಂದದ ಪಟ್ಟು. ಬಂದ ನಾಯಿಗೆ ತಿನಿಸಿನ ಮೇಲೆ ಇನ್ನೊಂದು ಸಂತೋಷವೂ ಬೇಕು: ಹಗ್ಗದ ತುದಿಗೆ ಬಟ್ಟೆ ಕಟ್ಟಿ ನೆಲದ ಮೇಲೆ ಸರ್ರನೆ ಎಳೆದರೆ ಮೊಲವಿಲ್ಲದೆಯೂ ಓಟ ಸಿಗುತ್ತದೆ. ಎಷ್ಟೇ ತಡವಾಗಿ ಬಂದರೂ ಹೊಡೆಯುವಂತಿಲ್ಲ. ಹೊಡೆದರೆ ಅದು ಕಲಿಯುವುದು ಒಂದೇ ಪಾಠ, ಬರಬಾರದು ಎಂದು.

ಬೇಟೆನಾಯಿಯ ಮೇಲಿನ ಪ್ರೀತಿಗೆ ಈ ಸೀಮೆಯಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949ರ ಕಾಲದ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದನಂತೆ. ಅವನು ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಬೆಳ್ತೂರಿನ ಬೆಟ್ಟದ ಬಳಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು, ನಾಯಿ ಹಂದಿ ಎರಡೂ ಕಾದಾಡಿ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ದೇವಸ್ಥಾನ ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಬರೆಸಿದರು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಮುಖಾಮುಖಿಯಾಗಿ ಇಂದಿಗೂ ಸೆಣಸುತ್ತಿವೆ. ಶಾಸನದಲ್ಲಿ ಬಿಟ್ಟದ್ದಷ್ಟೇ ಇದೆ. ಕಾಳಿಯನ್ನು ಯಾರಾದರೂ ಹಿಂದಕ್ಕೆ ಕರೆದರೇ ಎಂಬುದು ಕಲ್ಲಿನಲ್ಲಿ ಇಲ್ಲ.

ಕರೆಯುವ ಕಲೆಯನ್ನು ನೋಡಬೇಕೆಂದರೆ ಕಾಡಿನೊಳಗೇ ಒಂದು ಉದಾಹರಣೆ ಇದೆ. ನಾಗರಹೊಳೆ, ಬಂಡೀಪುರದ ಸೀಳುನಾಯಿಗಳು ಬೊಗಳುವುದಕ್ಕಿಂತ ಹೆಚ್ಚಾಗಿ ಸಿಳ್ಳೆ ಹಾಕುತ್ತವೆ. ಪೊದೆಗಾಡಿನಲ್ಲಿ ಜಿಂಕೆಯ ಹಿಂದೆ ಓಡಿ ಚದುರಿಹೋದ ಗುಂಪು, ಬೇಟೆ ಕೈತಪ್ಪಿದಾಗ, ಒಂದರ ಸಿಳ್ಳೆಗೆ ಇನ್ನೊಂದು ಓಗೊಡುತ್ತಾ ಮತ್ತೆ ಒಂದೆಡೆ ಸೇರುತ್ತದೆ. 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಇವುಗಳ ಬೆನ್ನು ಹತ್ತಿ ಅಧ್ಯಯನ ಮಾಡಿದರು, ಆಮೇಲೆ ಕೃಪಾಕರ–ಸೇನಾನಿ ಜೋಡಿ ಕ್ಯಾಮೆರಾ ಹಿಡಿದು ವರ್ಷಗಟ್ಟಲೆ ಹಿಂಬಾಲಿಸಿತು. ಆ ಗುಂಪಿನಲ್ಲಿ ಕರೆಗೆ ಬಂದದ್ದಕ್ಕೆ ಪೆಟ್ಟು ತಿನ್ನುವ ನಾಯಿಯಿಲ್ಲ.

ಇತ್ತ ಊರ ನಾಯಿಗೆ ಹಗ್ಗ ಬಿಚ್ಚುವ ದಿನ ತಿಂಗಳುಗಳ ನಂತರ ಬರುತ್ತದೆ. ಆಗಲೂ ಒಂದು ಅಭ್ಯಾಸ ಬಿಡಬಾರದು. ಹತ್ತು ಸಲ ಕರೆದರೆ ಒಂಬತ್ತು ಸಲ, ಬಂದ ನಾಯಿಯ ಎದೆಬೆಲ್ಟನ್ನು ಒಂದು ಗಳಿಗೆ ಹಿಡಿದು, ಚೂರು ಕೊಟ್ಟು, ‘ಹೋಗು’ ಎಂದು ಮತ್ತೆ ಆಟಕ್ಕೆ ಬಿಡಬೇಕು. ಮನೆಗೆ ಕಟ್ಟಿಕೊಂಡು ಹೋಗುವುದು ಹತ್ತನೆಯ ಸಲ ಮಾತ್ರ. ಇಷ್ಟೆಲ್ಲ ಆದರೂ ಕೆಲವು ನಾಯಿಗಳಿಗೆ ಕಂದಕದ ಪಕ್ಕದಲ್ಲಿ ಹಗ್ಗ ಬಿಚ್ಚುವಂತೆಯೇ ಇಲ್ಲ. ಅಂಥವನ್ನು ಸಾಕಿದವರು ಸಂಜೆ ಹೊಲ ಸುತ್ತುವಾಗ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಳ್ಳುವುದಿಲ್ಲ, ಬೆರಳು ಮುರಿದೀತು. ಅಂಗೈಯಲ್ಲಿ ಮಡಿಕೆ ಮಾಡಿ ಹಿಡಿದು, ಸೀಟಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡೇ ನಡೆಯುತ್ತಾರೆ.