ಸಂಡೂರಿನ ಕೆಂಪು, ಮುಪ್ಪಿನ ತುಕ್ಕು

ಸಂಡೂರಿನ ನೆಲ ಕೆಂಪಗಿರುವುದು ಕಬ್ಬಿಣಕ್ಕೆ ಆಮ್ಲಜನಕ ಸೇರಿದ್ದರಿಂದ. ಕುಮಾರಸ್ವಾಮಿ ಬೆಟ್ಟದ ಅದಿರಿಗೂ ಹಿತ್ತಲಲ್ಲಿ ಮಳೆಗೆ ನೆನೆದ ಗುದ್ದಲಿಯ ತುಕ್ಕಿಗೂ ಮೂಲದಲ್ಲಿ ಒಂದೇ ರಸಾಯನ. ಅಂಥದೇ ಕ್ರಿಯೆ ನಮ್ಮ ಮೈಯೊಳಗೂ ಎಡೆಬಿಡದೆ ನಡೆಯುತ್ತದೆ. ಜೀವಕೋಶ ಆಮ್ಲಜನಕ ಬಳಸಿ ಶಕ್ತಿ ಪಡೆಯುವಾಗ ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಿಡಿ ಕಬ್ಬಿಣ ತಾಗಿತೋ, ಇನ್ನೂ ಉಗ್ರವಾದ ಹೈಡ್ರಾಕ್ಸಿಲ್ ಕಣ ತಲೆಯೆತ್ತುತ್ತದೆ. ಕೊಬ್ಬು, ಪ್ರೋಟೀನು, ಡಿಎನ್ಎ ಯಾವುದನ್ನೂ ಅದು ಬಿಡುವುದಿಲ್ಲ.

ಈ ಹಾವಳಿ ತಡೆಯಲು ದೇಹ ತಾನೇ ತಯಾರಿಸಿಕೊಳ್ಳುವ ವಸ್ತು ಗ್ಲುಟಾಥಯೋನ್. 1921ರಲ್ಲಿ ಇದಕ್ಕೆ ಆ ಹೆಸರಿಟ್ಟವರು ಕೇಂಬ್ರಿಜ್‌ನ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್. ಗ್ಲುಟಮೇಟ್, ಸಿಸ್ಟೀನ್, ಗ್ಲೈಸೀನ್ ಎಂಬ ಮೂರು ಅಮೈನೊ ಆಮ್ಲಗಳ ಪುಟ್ಟ ಸರ ಇದು. ಸಿಸ್ಟೀನಿನಲ್ಲಿರುವ ಗಂಧಕವೇ ಕೆಲಸಗಾರ. ಪ್ಯಾರಾಸಿಟಮಾಲ್ ಮಾತ್ರೆ ಅತಿಯಾಗಿ ನುಂಗಿದವರ ಯಕೃತ್ತಿನಲ್ಲಿ ಗ್ಲುಟಾಥಯೋನ್ ಬರಿದಾಗುತ್ತದೆ. ಆಗ ವೈದ್ಯರು ಕೊಡುವ ಎನ್-ಅಸಿಟೈಲ್ ಸಿಸ್ಟೀನ್ ಅದನ್ನು ಮತ್ತೆ ತುಂಬಿಸಿ ಜೀವ ಉಳಿಸುತ್ತದೆ.

ವಯಸ್ಸಾದಂತೆ ಈ ದಾಸ್ತಾನು ಏಕೆ ಕರಗುತ್ತದೆ? ಹೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ರಾಜಗೋಪಾಲ್ ಶೇಖರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸಾದ ಎಂಟು ಮಂದಿಯ ಕೆಂಪು ರಕ್ತಕಣಗಳಲ್ಲಿದ್ದ ಗ್ಲುಟಾಥಯೋನ್ ಕಿರಿಯರಿಗಿಂತ ಸುಮಾರು ಶೇ 46ರಷ್ಟು ಕಡಿಮೆ. ತಯಾರಿಯೇ ಕುಂದಿತ್ತು, ಏಕೆಂದರೆ ಸಿಸ್ಟೀನ್ ಮತ್ತು ಗ್ಲೈಸೀನ್ ಎರಡೂ ಸಾಲದಾಗಿದ್ದವು. ಇವೆರಡನ್ನೂ 14 ದಿನ ಕೊಟ್ಟಾಗ ಗ್ಲುಟಾಥಯೋನ್ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಗೋಡೆ ಬೀಳುತ್ತಿದ್ದುದು ಗೌಂಡಿಯ ತಪ್ಪಿನಿಂದಲ್ಲ, ಇಟ್ಟಿಗೆಯೇ ಬಂದಿರಲಿಲ್ಲ. ನನಗೆ ಬಹಳ ಭರವಸೆ ಕೊಟ್ಟ ಮಾತಿದು.

ಆದರೆ ಎಂಟು ಮಂದಿ ಎಂಟೇ ಮಂದಿ. 2022ರಲ್ಲಿ ಪ್ರಕಟವಾದ, 114 ಆರೋಗ್ಯವಂತ ಹಿರಿಯರಿಗೆ ಇವೆರಡನ್ನೇ ಎರಡು ವಾರ ಕೊಟ್ಟು ನಡೆಸಿದ ಪ್ರಯೋಗದಲ್ಲಿ ಒಟ್ಟಾರೆ ಅಂಥ ಏರಿಕೆ ಕಾಣಲಿಲ್ಲ; ಮೊದಲೇ ಕೊರತೆ ಇದ್ದು ಒಳಗಿನ ಉತ್ಕರ್ಷಣ ಹೆಚ್ಚಿದ್ದವರಲ್ಲಿ ಮಾತ್ರ ಫಲದ ಸುಳಿವು ಸಿಕ್ಕಿತು. ಹಾಗಾಗಿ ಈ ಅಮೈನೊ ಆಮ್ಲಗಳ ಡಬ್ಬಿಯ ಪುಡಿ ಎಲ್ಲರಿಗೂ ಬೇಕೆನ್ನಲು ನಾನು ಒಪ್ಪಲಾರೆ. ಮೂತ್ರಪಿಂಡದ ತೊಂದರೆ ಇದ್ದವರು, ಹತ್ತಾರು ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಗ್ಲುಟಾಥಯೋನ್ ಮಾತ್ರೆಯನ್ನೇ ನುಂಗಿದರೆ? ಅದರ ಬಹುಪಾಲು ಕರುಳಿನಲ್ಲೇ ಒಡೆದು ಮತ್ತೆ ಬಿಡಿ ಅಮೈನೊ ಆಮ್ಲಗಳಾಗುತ್ತದೆ.

ಹಾಗಾದರೆ ಮೊದಲು ನೋಡಬೇಕಾದ್ದು ತಾಟನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 55 ಕಿಲೋ ತೂಗುವವರಿಗೆ ಸುಮಾರು 46 ಗ್ರಾಂ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸಿಗುವುದು ಐದು ಗ್ರಾಂ ಮಾತ್ರ. ನಮ್ಮ ಅವ್ವ ಹಲ್ಲು ಹೋದ ಮೇಲೆ ರೊಟ್ಟಿಯನ್ನು ಬರೀ ಮಜ್ಜಿಗೆಯಲ್ಲಿ ನೆನೆಸಿ ಉಣ್ಣತೊಡಗಿದಳು. ಬೇಳೆ, ಕಾಳು, ಶೇಂಗಾ ಒಂದೊಂದಾಗಿ ತಾಟು ಬಿಟ್ಟವು. ಗ್ಲೈಸೀನ್ ಇರುವ ಶೇಂಗಾ ಹೋಯಿತು. ದೇಹ ಯಾವುದರಿಂದ ಸಿಸ್ಟೀನ್ ಮಾಡಿಕೊಳ್ಳುತ್ತದೋ ಆ ಮೆಥಿಯೊನೀನ್ ಹೇರಳವಾಗಿರುವ ಎಳ್ಳು ಸಂಕ್ರಾಂತಿಯ ಸಜ್ಜೆ ರೊಟ್ಟಿಗಷ್ಟೇ ಉಳಿಯಿತು.

ಈಗ ಶೇಂಗಾ, ಎಳ್ಳು ಹುರಿದು ನುಣ್ಣಗೆ ಕುಟ್ಟಿ ಡಬ್ಬಿಯಲ್ಲಿಟ್ಟಿದ್ದೇವೆ. ಮೆತ್ತಗೆ ಬೆಂದ ತೊಗರಿಬೇಳೆಗೆ ರೊಟ್ಟಿ ಮುರಿದು ಹಾಕಿ, ಮೇಲೆ ಎರಡು ಚಮಚ ಆ ಪುಡಿ ಉದುರಿಸಿ ಕೊಟ್ಟರೆ ಅವ್ವ ಬೇಡ ಅನ್ನುವುದಿಲ್ಲ.