ನಿಮಗಿದು ಗೊತ್ತೇ? – ಕಾಂಪ್ಟನ್ ಫುಟ್‌ಬಾಲ್ ಆಡಿದ್ದು!

ಕ್ರಿಕೆಟ್ಟಿನಿಂದ ಮನೆಮಾತಾದ ಡೆನಿಸ್ ಕಾಂಪ್ಟನ್, ಚಳಿಗಾಲ ಬಂತೆಂದರೆ ಬ್ಯಾಟು ಮೂಲೆಗಿಟ್ಟು ಲಂಡನ್ನಿನ ಆರ್ಸೆನಲ್ ಪರ ಫುಟ್‌ಬಾಲ್ ಆಡುತ್ತಿದ್ದರು. 1936ರಲ್ಲಿ ಶುರು; ಸ್ಥಾನ: ಎಡ ವಿಂಗ್.

ಇಂಗ್ಲೆಂಡ್ ಪರ 12 ಪಂದ್ಯ ಆಡಿದರೂ ಅಧಿಕೃತ ಪಟ್ಟಿಯಲ್ಲಿ ಅವರ ಲೆಕ್ಕ ಸೊನ್ನೆ! ಎರಡನೇ ಮಹಾಯುದ್ಧದ ಕಾಲದ ಆ ಪಂದ್ಯಗಳಿಗೆ ಮಾನ್ಯತೆಯೇ ಸಿಗಲಿಲ್ಲ. ಯುದ್ಧ ಶುರುವಾದಾಗ ಅವರಿಗೆ 21, ಮುಗಿದಾಗ 27. ಫುಟ್‌ಬಾಲಿಗನ ಕಾಲಿಗೆ ಅದಕ್ಕಿಂತ ಒಳ್ಳೆಯ ಕಾಲವುಂಟೆ?

ಆರ್ಸೆನಲ್‌ನ ಹೈಬರಿ ಮೈದಾನ ಆಗ ವಾಯುದಾಳಿ ರಕ್ಷಣೆಯ ಕೇಂದ್ರ. ತಂಡ ಆಡಿದ್ದು ಬದ್ಧವೈರಿ ಟಾಟನ್‌ಹ್ಯಾಮ್ ಅಂಗಳದಲ್ಲಿ!

1941ರ ಯುದ್ಧಕಾಲದ ಕಪ್ ಫೈನಲ್, ವೆಂಬ್ಲಿ; ಎದುರಾಳಿ ಪ್ರೆಸ್ಟನ್. ಆರ್ಸೆನಲ್‌ನಲ್ಲೇ ಆಡುತ್ತಿದ್ದ ಅಣ್ಣ ಲೆಸ್ಲಿ ಪೆನಾಲ್ಟಿ ಕಳೆದುಕೊಂಡರು. ತಮ್ಮ ಡೆನಿಸ್ ಗೋಲು ಹೊಡೆದು ಪಂದ್ಯ ಸಮ ಮಾಡಿದರು. ಮರುಪಂದ್ಯದಲ್ಲಿ ಪ್ರೆಸ್ಟನ್ 2–1ರಿಂದ ಗೆದ್ದಿತು. ಲೆಸ್ಲಿಯವರನ್ನು ಬೈಯುವ ಮುನ್ನ ಇದನ್ನೂ ಕೇಳಿ: ಅದೇ ವರ್ಷ ಕ್ಲ್ಯಾಪ್ಟನ್ ಓರಿಯೆಂಟ್ ವಿರುದ್ಧ ಒಂದೇ ಪಂದ್ಯದಲ್ಲಿ ಅವರು 10 ಗೋಲು ಬಾರಿಸಿದ್ದರು.

ಸೈನ್ಯ ಡೆನಿಸ್‌ರನ್ನು ಭಾರತಕ್ಕೆ, ಇಂದೋರ್ ಪಕ್ಕದ ಮಹೂ ದಂಡಿಗೆ ಕಳಿಸಿತು. ಇಂದೋರಿನ ಹೋಳ್ಕರ್ ಕ್ರಿಕೆಟ್ ತಂಡ ಸುಮ್ಮನಿರುತ್ತದೆಯೇ? 1945ರ ರಣಜಿ ಫೈನಲ್‌ನಲ್ಲಿ ಅವರನ್ನು ಕಣಕ್ಕಿಳಿಸಿತು. ಮುಂಬಯಿ ಕೊಟ್ಟ ಗುರಿ 867 ರನ್ (ಅಚ್ಚಿನ ತಪ್ಪಲ್ಲ!). ಕಾಂಪ್ಟನ್ ಔಟಾಗದೆ 249 ಹೊಡೆದರೂ ತಂಡ ಸೋತದ್ದು 374 ರನ್ನಿನಿಂದ.



1938ರಲ್ಲಿ ಚಾರ್ಲ್‌ಟನ್ ತಂಡದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಪೆಟ್ಟಾದ ಮೊಣಕಾಲು ಡೆನಿಸ್‌ರನ್ನು ಜೀವನವಿಡೀ ಕಾಡಿತು. 1955ರಲ್ಲಿ ವೈದ್ಯರು ಮಂಡಿಚಿಪ್ಪನ್ನೇ ತೆಗೆದುಹಾಕಿದರು. ಮರುವರ್ಷವೇ ಓವಲ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ 94 ರನ್! ಚಿಪ್ಪಿದ್ದವರಿಗೂ ಅದು ಸುಲಭವಲ್ಲ.

1950ರ ಎಫ್‌ಎ ಕಪ್ ಫೈನಲ್‌ನಲ್ಲಿ ಅಣ್ಣ–ತಮ್ಮ ಒಟ್ಟಿಗೆ ಆಡಿದರು. ಆರ್ಸೆನಲ್ ಲಿವರ್‌ಪೂಲನ್ನು 2–0ಯಿಂದ ಮಣಿಸಿತು. ಡೆನಿಸ್ ಫುಟ್‌ಬಾಲಿಗೆ ವಿದಾಯ ಹೇಳಿದ್ದು ಅದೇ ವರ್ಷ. ತಮಾಷೆ ನೋಡಿ, ಆ ನವೆಂಬರಿನಲ್ಲಿ ವೇಲ್ಸ್ ವಿರುದ್ಧ ಆಡಲು ಇಂಗ್ಲೆಂಡ್ ಕರೆದದ್ದು ಅಣ್ಣನನ್ನು. ಅಧಿಕೃತ ಪಂದ್ಯಕ್ಕೇ! ಆಗ ಲೆಸ್ಲಿಗೆ ವಯಸ್ಸು 38.